ಹತ್ತು ತಿಂಗಳು ಊರಲ್ಲಿ: ದೊಡ್ಡಮ್ಮನ ಗ್ರೀನ್ ಕಾರ್ಡ್ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವಿನ ಮನೆಯಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ವಯಸ್ಸು 70ರ ಹತ್ತಿರ. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷ ಆಯಿತು. ಒಬ್ಬಳೇ ಮಗಳು, ನಾನು ಅಕ್ಕ ಎಂದು ಕರೆಯುವವಳು, ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದಾಳೆ. ಅಲ್ಲಿಯ ಪೌರತ್ವ ಸಿಕ್ಕಿದ ಮೇಲೆ ಅವಳು ಅಮ್ಮನಿಗೆ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಖಾಯಂ ಆಗಿ ವಾಸ ಮಾಡುವ ಹಕ್ಕಿನ ಕಾರ್ಡ್, ಮಾಡಿಸಿದಳು. 2023ರ ಡಿಸೆಂಬರಿನಲ್ಲಿ ಆ ಕಾರ್ಡ್ ಹಿಡಿದುಕೊಂಡು ದೊಡ್ಡಮ್ಮ ಮತ್ತೆ ಅಮೆರಿಕಕ್ಕೆ ಹೊರಟಾಗ ಅವರು ಊರಿಗೆ ಬಂದು ಹತ್ತು ತಿಂಗಳು ಕಳೆದಿತ್ತು. ಅವರನ್ನು ಒಳಗೆ ಬಿಡುತ್ತಾರಾ? ಬಿಟ್ಟ ಮೇಲೆ ಆ ಕಾರ್ಡ್ ಇಟ್ಟುಕೊಳ್ಳುವುದಾ, ಬಿಡುವುದಾ? ಈ ಎರಡು ಪ್ರಶ್ನೆಗೆ ನಮ್ಮ ಮನೆಯವರು ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹೆಸರು ಬೇಡ, ಉಳಿದದ್ದನ್ನೆಲ್ಲ ಬರಿ ಎಂದು ದೊಡ್ಡಮ್ಮನೇ ಹೇಳಿದ್ದಾರೆ. ಕಾಗದ ಪತ್ರ ಜೋಡಿಸುವ ಕೆಲಸ ಊರಿನ ಕಡೆಯಿಂದ ನನ್ನದಾಗಿತ್ತು. ನೀರ್ಚಾಲು, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇದೇ ಸ್ಥಿತಿ. ಮಕ್ಕಳು ಅಲ್ಲಿ, ತೋಟ ಇಲ್ಲಿ, ಅಪ್ಪ ಅಮ್ಮ ನಡುವೆ. ಅವರಲ್ಲಿ ಯಾರಿಗಾದರೂ ಇದು ಹೊತ್ತಿಗೆ ಸರಿಯಾಗಿ ಕೈಗೆ ಸಿಗಲಿ ಎಂಬುದು ನನ್ನ ಆಸೆ.

ಆರು ತಿಂಗಳ ಲೆಕ್ಕ ಎಲ್ಲಿಂದ ಬಂತು

ದೊಡ್ಡಮ್ಮ ವಲಸೆ ವೀಸಾದಲ್ಲಿ ಮೊದಲ ಸಲ ಅಲ್ಲಿಗೆ ಹೋದದ್ದು 2019ರ ನವೆಂಬರಿನಲ್ಲಿ. 2020ರ ಮಾರ್ಚ್ 23ರಿಂದ ಭಾರತಕ್ಕೆ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಹಾಗಾಗಿ ಆ ವರ್ಷ ಪೂರ್ತಿ ಅವರು ಮಗಳ ಮನೆಯಲ್ಲೇ ಇದ್ದರು. ಆ ಹೊತ್ತಿಗೆ ಊರಿನ ಕಥೆಯೂ ಚೆನ್ನಾಗಿರಲಿಲ್ಲ. ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದ ದಿನಗಳವು. ಅಮ್ಮ ತನ್ನ ಹತ್ತಿರ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಅವಳು ಹೇಳುವುದು ಸರಿ.

2021ರಲ್ಲಿ ದಾರಿ ತೆರೆದ ಮೇಲೆ ಹೋಗಿ ಬರುವುದು ಶುರುವಾಯಿತು. ಐದೂವರೆ ತಿಂಗಳು ಊರಲ್ಲಿ, ಒಂದು ಒಂದೂವರೆ ತಿಂಗಳು ಅಲ್ಲಿ. ಮತ್ತೆ ಐದೂವರೆ ತಿಂಗಳು ಊರಲ್ಲಿ. ಆರು ತಿಂಗಳ ಒಳಗೆ ಒಮ್ಮೆ ಅಲ್ಲಿ ಕಾಲಿಟ್ಟು ಬಂದರೆ ಆಯಿತು ಎಂದು ಟಿಕೆಟ್ ಮಾಡಿಕೊಡುವವರೂ ಹೇಳಿದ್ದರು, ನೆಂಟರೂ ಹೇಳಿದ್ದರು.

ನಮ್ಮ ಕಡೆ ಈ ಮಾತು ಇಷ್ಟು ಗಟ್ಟಿಯಾಗಿ ಕೂರಲು ಒಂದು ಕಾರಣ ಇದೆ ಅಂತ ನನಗೆ ಅನಿಸುತ್ತದೆ. ಕಾಸರಗೋಡು ಗಲ್ಫ್ ಕಂಡ ಊರು. ಯುಎಇಯ ಸಾಮಾನ್ಯ ವಾಸದ ವೀಸಾ ಇರುವವರು ಆರು ತಿಂಗಳಿಗಿಂತ ಜಾಸ್ತಿ ಹೊರಗೆ ಉಳಿದರೆ ವೀಸಾ ಹೋಗುತ್ತದೆ ಎಂಬುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದೇ ಲೆಕ್ಕವನ್ನು ಅಮೆರಿಕಕ್ಕೂ ಹಾಕಿಬಿಟ್ಟೆವು. ಆದರೆ ಅಲ್ಲಿಯ ಕಾನೂನು ಬೇರೆ ರೀತಿ ಯೋಚಿಸುತ್ತದೆ. ಗ್ರೀನ್ ಕಾರ್ಡ್ ಕೊಡುವುದು ಅಲ್ಲಿ ಖಾಯಂ ಆಗಿ ವಾಸ ಮಾಡುವವರಿಗೆ. ಹೊರಗೆ ಹೋಗುವುದೇನಿದ್ದರೂ ತಾತ್ಕಾಲಿಕ ಆಗಿರಬೇಕು. ಅಲ್ಲಿಯ ವಲಸೆ ಮೇಲ್ಮನವಿ ಮಂಡಳಿ 1975ರಲ್ಲಿ ಕೇನ್ ಎಂಬವರ ಪ್ರಕರಣದಲ್ಲಿ ಈ ‘ತಾತ್ಕಾಲಿಕ’ವನ್ನು ಹೇಗೆ ಅಳೆಯಬೇಕು ಎಂದು ಹೇಳಿತ್ತು. ಹೊರಗೆ ಹೋದದ್ದು ಯಾಕೆ? ಅದು ಮುಗಿಯುವ ಹೊತ್ತು ಮೊದಲೇ ಅಂದಾಜಿತ್ತಾ? ಈ ಮನುಷ್ಯನ ನಿಜವಾದ ಮನೆ, ಕೆಲಸ ಎಲ್ಲಿದೆ? ಇವತ್ತಿಗೂ ಅಧಿಕಾರಿಗಳು ಕೇಳುವುದು ಇದನ್ನೇ. ಐದೂವರೆ ತಿಂಗಳ ಸರಪಳಿಯನ್ನು ನೋಡಿದರೆ ದೊಡ್ಡಮ್ಮನ ನಿಜವಾದ ಮನೆ ಬದಿಯಡ್ಕದ ಹತ್ತಿರ ಇದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಪ್ರತಿ ಸಲ ಆರು ತಿಂಗಳ ಒಳಗೆ ಹೋದರೂ ಕಾರ್ಡ್ ಕಳೆದುಕೊಂಡವರು ಇದ್ದಾರೆ.

ಹಾಗಾದರೆ ಆರು ತಿಂಗಳು, ಒಂದು ವರ್ಷ ಎಂಬುದಕ್ಕೆ ಅರ್ಥವೇ ಇಲ್ವಾ? ಇದೆ, ಆದರೆ ನಾವು ತಿಳಿದ ಅರ್ಥ ಅಲ್ಲ. ಒಂದೇ ಸಲಕ್ಕೆ 180 ದಿನ ದಾಟಿ ಹೊರಗೆ ಉಳಿದವರನ್ನು ಹಿಂತಿರುಗುವಾಗ ಹೊಸದಾಗಿ ಒಳಬರಲು ಕೇಳುವವರಂತೆ ಪರಿಶೀಲಿಸಬಹುದು. ಅಂದರೆ ಪ್ರಶ್ನೆ ಜಾಸ್ತಿ. ಒಂದು ವರ್ಷ ಆದರೆ ಕಾರ್ಡ್ ಒಳಪ್ರವೇಶದ ದಾಖಲೆಯಾಗಿ ನಡೆಯುವುದಿಲ್ಲ. ವಿಮಾನ ಹತ್ತಿಸುವುದೇ ಕಷ್ಟ.

ಪೌರತ್ವದ ಲೆಕ್ಕ ಮತ್ತೂ ಬೇರೆ. ಅದಕ್ಕೆ ಸಾಮಾನ್ಯವಾಗಿ ಐದು ವರ್ಷದ ನಿರಂತರ ವಾಸ ಬೇಕು, ಅದರಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೆ ಇದ್ದಿರಬೇಕು. ಆರು ತಿಂಗಳು ದಾಟಿದ ಒಂದೊಂದು ಗೈರುಹಾಜರಿಯೂ ಆ ನಿರಂತರತೆ ಮುರಿಯಿತು ಎಂದು ಎಣಿಸಲು ಸಾಕು, ಹಾಗಲ್ಲ ಎಂದು ನಾವೇ ತೋರಿಸಿಕೊಡಬೇಕು. ದೊಡ್ಡಮ್ಮನಿಗೆ ಪೌರತ್ವದ ಆಸೆ ಇರಲಿಲ್ಲ, ಹಾಗಾಗಿ ಇದನ್ನು ಇಲ್ಲಿಗೇ ಬಿಡುತ್ತೇನೆ.

ಅಂಗಳದ ಹಾವಸೆ

2023ರ ಫೆಬ್ರವರಿಯಲ್ಲಿ ಬಂದಾಗ ಜುಲೈ ಮಧ್ಯದ ವಾಪಸು ಟಿಕೆಟ್ ಕೈಯಲ್ಲೇ ಇತ್ತು. ಅಡಿಕೆಗೆ ಮಳೆಗಾಲದ ಮೊದಲ ಮದ್ದು ಬಿಟ್ಟು ಮುಗಿಸಿ ಹೊರಡುವ ಅಂದಾಜು. ಕೊಳೆರೋಗ ಬಾರದ ಹಾಗೆ ಬೋರ್ಡೋ ಬಿಡುವುದು ತಪ್ಪಿದರೆ ಆ ವರ್ಷದ ಬೆಳೆಯನ್ನು ಮರೆಯಬೇಕು ಎಂಬುದು ತೋಟ ಇರುವ ಎಲ್ಲರಿಗೂ ಗೊತ್ತಿದ್ದದ್ದೇ. ಆಳು ಸಿಗುವುದು ಕಷ್ಟ, ಮರ ಹತ್ತುವವರು ಇನ್ನೂ ಕಷ್ಟ. ಯಜಮಾನಿತಿ ಎದುರು ಇಲ್ಲದಿದ್ದರೆ ಅವರು ಬರುವ ದಿನ ಮುಂದೆ ಮುಂದೆ ಹೋಗುತ್ತದೆ.

ಜೂನ್ ಕೊನೆಗೆ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯಲು ಶುರುಮಾಡಿದ್ದು ಶರತ್ಕಾಲ ಬಂದ ಮೇಲೆ. ದೂರದ ವಿಮಾನ ಪ್ರಯಾಣ ಮಾಡಬಹುದು ಎಂದು ಡಾಕ್ಟರು ಬರೆದುಕೊಟ್ಟದ್ದು ಡಿಸೆಂಬರಿನಲ್ಲಿ.

ಈ ನಡುವೆ ನಮ್ಮ ಎದುರು ಮೂರು ದಾರಿಗಳ ಮಾತು ಬಂತು.

ಮೊದಲನೆಯದು ರೀಎಂಟ್ರಿ ಪರ್ಮಿಟ್. ಎರಡು ವರ್ಷದವರೆಗೆ ಹೊರಗೆ ಉಳಿಯಲು ಗ್ರೀನ್ ಕಾರ್ಡಿನವರಿಗೆ ಸಿಗುವ ಪುಸ್ತಕ ಅದು. ಫಾರ್ಮ್ ಐ-131ರಲ್ಲಿ ಅರ್ಜಿ. ಆದರೆ ಅರ್ಜಿ ಹಾಕುವ ದಿನ ಅರ್ಜಿದಾರರು ಅಮೆರಿಕದ ಒಳಗೇ ಇರಬೇಕು. ಬೆರಳಚ್ಚು, ಫೋಟೋ ಕೊಡುವುದೂ ಅಲ್ಲೇ. ಕಾಸರಗೋಡಿನಲ್ಲಿ ಮಂಚದ ಮೇಲೆ ಮಲಗಿದ್ದವರಿಗೆ ಇದರಿಂದ ಉಪಯೋಗ ಇಲ್ಲ. ಫೆಬ್ರವರಿಯಲ್ಲಿ ಹೊರಡುವ ಮೊದಲೇ ಇದನ್ನು ಹಾಕಿದ್ದಿದ್ದರೆ ಮುಂದಿನ ಅರ್ಧ ಆತಂಕ ಇರುತ್ತಿರಲಿಲ್ಲ. ವಯಸ್ಸಾದ ಅಪ್ಪ ಅಮ್ಮ ಊರಿಗೆ ಹೊರಡುವಾಗ ಮಕ್ಕಳು ಮೊದಲು ಯೋಚಿಸಬೇಕಾದ್ದು ಇದನ್ನು. ಐದು ತಿಂಗಳಿಗೆಂದು ಬಂದವರು ಐದೇ ತಿಂಗಳಿಗೆ ಹಿಂದೆ ಹೋಗುತ್ತಾರೆ ಎಂಬುದಕ್ಕೆ ಈ ವಯಸ್ಸಿನಲ್ಲಿ ಯಾವ ಖಾತ್ರಿಯೂ ಇಲ್ಲ.

ಎರಡನೆಯದು ಎಸ್‌ಬಿ-1 ಎಂಬ ಹಿಂತಿರುಗುವ ನಿವಾಸಿಯ ವೀಸಾ. ವರ್ಷ ದಾಟಿದವರಿಗೆ ಇದು. ಡಿಎಸ್-117 ಫಾರ್ಮ್ ತುಂಬಿ ಅಮೆರಿಕದ ದೂತಾವಾಸಕ್ಕೆ ಕೊಡಬೇಕು. ಹೊರಡುವಾಗಲೇ ಹಿಂತಿರುಗುವ ಮನಸ್ಸಿತ್ತು, ತಡವಾದದ್ದು ನಮ್ಮ ಕೈಮೀರಿದ ಕಾರಣದಿಂದ, ಎಂದು ದಾಖಲೆ ಸಮೇತ ತೋರಿಸಬೇಕು. ಒಪ್ಪಿದರೆ ಮತ್ತೆ ವಲಸೆ ವೀಸಾದ ಹಾಗೆಯೇ ವೈದ್ಯಕೀಯ ತಪಾಸಣೆ, ಸಂದರ್ಶನ. ದೊಡ್ಡಮ್ಮನ ಕಾರಣ ಗಟ್ಟಿಯೇ. ಆದರೂ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂದು ಹೇಳಲಾಗದು.

ಮೂರನೆಯದು, ವರ್ಷ ತುಂಬುವ ಮೊದಲು, ಡಾಕ್ಟರು ಹೂಂ ಎಂದ ಕೂಡಲೇ ಹೊರಡುವುದು. ವರ್ಷದ ಒಳಗಾದರೆ ಕಾರ್ಡ್ ಇನ್ನೂ ದಾಖಲೆಯಾಗಿ ನಡೆಯುತ್ತದೆ. ನಿಲ್ದಾಣದಲ್ಲಿ ಪ್ರಶ್ನೆ ಬರುತ್ತದೆ, ಅಷ್ಟೆ. ಅದಕ್ಕೆ ತಯಾರಾಗಿ ಹೋಗುವುದು ಎಂದು ತೀರ್ಮಾನಿಸಿದೆವು. ಆಪರೇಷನ್ ಆದವರನ್ನು ಇಷ್ಟು ಅವಸರದಲ್ಲಿ ಕಳಿಸಬೇಕಾ ಎಂದು ಮನೆಯಲ್ಲಿ ಮಾತು ಬಂತು. ನನಗೂ ಸಂಕಟವೇ ಆಗಿತ್ತು. ಆದರೆ ಫೆಬ್ರವರಿ ದಾಟಿದರೆ ದಾರಿ ಮತ್ತಷ್ಟು ಉದ್ದ ಆಗುತ್ತಿತ್ತು. ಮಗಳ ಹತ್ತಿರ ಸೇರಬೇಕು ಎಂಬ ಆಸೆ ಆಗ ದೊಡ್ಡಮ್ಮನಿಗೂ ಇತ್ತು.

ಕಡತ ಮತ್ತು ಅಡಿಕೆಯ ಲೆಕ್ಕ

ಆಸ್ಪತ್ರೆಯ ಕಾಗದಗಳು ಸುಲಭವಾಗಿ ಸಿಕ್ಕಿದವು. ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ವರದಿ, ಫಿಸಿಯೋಥೆರಪಿಯ ಚೀಟಿ, ಇಂಥ ದಿನದವರೆಗೆ ಪ್ರಯಾಣ ಮಾಡಬಾರದು ಎಂದು ತಾರೀಕು ಸಮೇತ ಬರೆದ ಡಾಕ್ಟರ ಪತ್ರ. ಎಲ್ಲ ಇಂಗ್ಲಿಷಿನಲ್ಲೇ ಇದ್ದವು. ರದ್ದಾದ ಜುಲೈ ಟಿಕೆಟಿನ ಪ್ರತಿಯನ್ನೂ ಸೇರಿಸಿದೆವು. ನನ್ನ ಅಭಿಪ್ರಾಯದಲ್ಲಿ ಇಡೀ ಕಡತದಲ್ಲಿ ಹೆಚ್ಚು ಬೆಲೆಯದ್ದು ಅದೇ. ಬೀಳುವ ಮೊದಲೇ ಹಿಂತಿರುಗುವ ದಿನ ಗೊತ್ತಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿಯ ಪಂಚಾಯತಿನ, ವಿಲೇಜ್ ಆಫೀಸಿನ ಕಾಗದಗಳು ಮಲಯಾಳದಲ್ಲಿ, ದೊಡ್ಡಪ್ಪನ ಕಾಲದ ಆಸ್ತಿ ದಾಖಲೆಗಳು ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ಮೊದಲು ನಮ್ಮದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತಲ್ಲ. ಅಲ್ಲಿಯ ವಲಸೆ ಇಲಾಖೆಗೆ ಯಾವ ಕಾಗದ ಕೊಡುವುದಿದ್ದರೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಾಗಿದೆ ಎಂದು ಅನುವಾದಕರು ಸಹಿ ಹಾಕಿ ಕೊಡಬೇಕು. ನೋಟರಿ ಬೇಕೆಂದು ಇಲ್ಲ. ಗಡಿ ಜಿಲ್ಲೆಯವರಿಗೆ ಇದು ಒಂದು ಹೆಚ್ಚಿನ ಕೆಲಸ. ಹಾಗಾಗಿ ಬೇಕಾದ ಕಾಗದ ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದು.

ತೊಡಕು ಬಂದದ್ದು ಅಮೆರಿಕದ ತೆರಿಗೆಯಲ್ಲಿ. ಅಲ್ಲಿಯೇ ವಾಸ ಎಂದು ತೋರಿಸಲು ಅಲ್ಲಿ ತೆರಿಗೆ ರಿಟರ್ನ್ ಹಾಕಿದ ದಾಖಲೆ ದೊಡ್ಡ ಆಧಾರ. ದೊಡ್ಡಮ್ಮನ ಹೆಸರಿನಲ್ಲಿ ಪ್ರತಿ ವರ್ಷ ಅಕ್ಕ ರಿಟರ್ನ್ ಹಾಕಿಸಿದ್ದಳು. ಆದರೆ ಅದರಲ್ಲಿ ಅಡಿಕೆ ಇರಲಿಲ್ಲ. ಊರಿನ ಲೆಕ್ಕಪತ್ರ ನೋಡುವವರೊಬ್ಬರು “ಕೃಷಿ ಆದಾಯಕ್ಕೆ ತೆರಿಗೆ ಇಲ್ಲ” ಎಂದಿದ್ದರು. ಭಾರತದ ಆದಾಯ ತೆರಿಗೆಗೆ ಅದು ಸರಿ. ಆದರೆ ಗ್ರೀನ್ ಕಾರ್ಡ್ ಇರುವವರು ಲೋಕದ ಯಾವ ಮೂಲೆಯಲ್ಲಿ ಸಂಪಾದಿಸಿದರೂ ಅದನ್ನು ಅಮೆರಿಕಕ್ಕೆ ತೋರಿಸಬೇಕು. ಅಡಿಕೆ ಮಾರಿ ಬಂದ ದುಡ್ಡೂ ಅದರಲ್ಲಿ ಸೇರುತ್ತದೆ. ಇಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಲ್ಲಿಯ ತೆರಿಗೆಯಿಂದ ಕಳೆಯಲು ಏನೂ ಇಲ್ಲ. ಕೂಲಿ, ಗೊಬ್ಬರ, ಮದ್ದಿನ ಖರ್ಚು ಕಳೆದು ಉಳಿದದ್ದಕ್ಕೆ ಅಲ್ಲಿಯ ಆದಾಯ ತೆರಿಗೆ ಏನೂ ಬರದಿದ್ದರೂ ಸ್ವಂತ ಉದ್ಯೋಗದವರ ಮೇಲಿನ ಬೇರೆ ತೆರಿಗೆ, ಶೇಕಡಾ 15.3ರದ್ದು, ಬರುತ್ತದೆ.

ಮತ್ತೊಂದು, ಇಲ್ಲಿಯ ಬ್ಯಾಂಕ್ ಖಾತೆಗಳು. ಹೊರದೇಶದ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವರದಿ ಕೊಡಬೇಕು. ದೊಡ್ಡಪ್ಪ ಇಟ್ಟಿದ್ದ ಫಿಕ್ಸೆಡ್ ಡಿಪಾಸಿಟ್, ಸಹಕಾರಿ ಬ್ಯಾಂಕಿನ ಉಳಿತಾಯ, ಎಲ್ಲ ಕೂಡಿಸಿದರೆ ಸುಲಭವಾಗಿ ದಾಟುತ್ತಿತ್ತು. ಈ ವರದಿಗೆ ತೆರಿಗೆ ಏನೂ ಇಲ್ಲ, ಆದರೆ ಕೊಡದಿದ್ದರೆ ದಂಡ ಭಾರಿ.

ಅಕ್ಕ ಅಲ್ಲಿಯ ತೆರಿಗೆ ಸಲಹೆಗಾರರನ್ನು ಹಿಡಿದಳು. ಬೇಕೆಂದೇ ಮುಚ್ಚಿಟ್ಟದ್ದಲ್ಲ ಎಂದು ಬರೆದುಕೊಟ್ಟು, ಹಳೆಯ ವರ್ಷಗಳ ರಿಟರ್ನ್ ತಿದ್ದಿ, ಬಾಕಿ ವರದಿ ಸಲ್ಲಿಸುವ ದಾರಿ ಅಲ್ಲಿಯ ಇಲಾಖೆಯೇ ಇಟ್ಟಿದೆ. ಅದಕ್ಕೆ ಇಲ್ಲಿಂದ ವರ್ಷವಾರು ಲೆಕ್ಕ ಬೇಕಿತ್ತು. ಅಡಿಕೆ ಮಾರಿದ ಬಿಲ್ಲುಗಳು ಸಿಕ್ಕಿದವು. ಕೂಲಿಯ ಲೆಕ್ಕ ದೊಡ್ಡಮ್ಮ ಡೈರಿಯಲ್ಲಿ ಬರೆದಿಟ್ಟಿದ್ದರು. ಹೆಸರು, ದಿನ, ಕೊಟ್ಟ ದುಡ್ಡು, ಎಲ್ಲ ಚೊಕ್ಕವಾಗಿ. ಮಂಚದ ಮೇಲೆ ಕುಳಿತು ಅವರು ಓದುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಅವರು. ಆ ಡೈರಿಯ ಮುಂದೆ ನನಗೆ ನಿಜಕ್ಕೂ ಗೌರವ ಬಂತು.

ಇದೇ ಹೊತ್ತಿಗೆ ಒಬ್ಬರು, ಅಮೆರಿಕದಲ್ಲಿ ಅನಿವಾಸಿ ಎಂದು ರಿಟರ್ನ್ ಹಾಕಿಬಿಡಿ, ಭಾರತ–ಅಮೆರಿಕ ತೆರಿಗೆ ಒಪ್ಪಂದದಲ್ಲಿ ದಾರಿ ಇದೆ, ದುಡ್ಡು ಉಳಿಯುತ್ತದೆ ಎಂದರು. ದಾರಿ ಇರುವುದು ಹೌದು. ಆದರೆ ಗ್ರೀನ್ ಕಾರ್ಡ್ ಇಟ್ಟುಕೊಳ್ಳಬೇಕು ಎನ್ನುವವರು ಆ ದಾರಿ ಹಿಡಿದರೆ ನಾನು ಅಮೆರಿಕದ ನಿವಾಸಿಯಲ್ಲ ಎಂದು ತಾವೇ ಬರೆದುಕೊಟ್ಟ ಹಾಗೆ ಆಗುತ್ತದೆ. ವಲಸೆ ಅಧಿಕಾರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ನಾವು ಅತ್ತ ಹೋಗಲಿಲ್ಲ.

ನ್ಯೂಜೆರ್ಸಿಯ ಗುರುತು ಕಾರ್ಡ್, ಅಲ್ಲಿಯ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಅಮ್ಮ ನನ್ನ ಮನೆಯಲ್ಲಿ ವಾಸ ಎಂದು ಅಕ್ಕ ಬರೆದ ಪತ್ರ, ಇವೂ ಸೇರಿದವು. ಕಡತ ಮೂರು ಪ್ರತಿ ಆಯಿತು. ಒಂದನ್ನು ಕೈಚೀಲದಲ್ಲೇ ಇಟ್ಟರು, ಲಗೇಜಿನಲ್ಲಿ ಅಲ್ಲ.

ನಿಲ್ದಾಣದಲ್ಲಿ

ಹೊರಡುವ ಮೊದಲು ದೊಡ್ಡಮ್ಮನಿಗೆ ಎರಡು ಮಾತು ಹೇಳಿಕೊಟ್ಟೆವು. ಒಂದು, ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿ. ಸುಳ್ಳು ಸಿಕ್ಕಿಬಿದ್ದರೆ ಕಾರ್ಡಿಗಿಂತ ದೊಡ್ಡ ನಷ್ಟ. ಇನ್ನೊಂದು, ಐ-407 ಎಂಬ ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ಖಾಯಂ ವಾಸದ ಹಕ್ಕನ್ನು ನಾನಾಗಿಯೇ ಬಿಟ್ಟುಕೊಡುತ್ತೇನೆ ಎಂಬ ಫಾರ್ಮ್ ಅದು. ಅದಕ್ಕೆ ಸಹಿ ಹಾಕಲೇಬೇಕೆಂದು ಯಾವ ಅಧಿಕಾರಿಯೂ ಒತ್ತಾಯಿಸುವಂತಿಲ್ಲ. ಸಹಿ ಹಾಕದಿದ್ದರೆ ವಲಸೆ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕು ಇರುತ್ತದೆ. ಅಲ್ಲಿ ಇವರು ವಾಸ ಬಿಟ್ಟಿದ್ದಾರೆ ಎಂದು ಸ್ಪಷ್ಟವಾಗಿ ತೋರಿಸುವ ಹೊಣೆ ಸರಕಾರದ್ದು. ಇದನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲೂ ಬರೆದು ಪಾಸ್‌ಪೋರ್ಟಿನ ಒಳಗೆ ಇಟ್ಟೆ.

ಮಂಗಳೂರಿನಿಂದ ಮುಂಬೈ, ಅಲ್ಲಿಂದ ಅಮೆರಿಕ. ವೀಲ್‌ಚೇರ್ ಮೊದಲೇ ಹೇಳಿದ್ದೆವು. ಇಳಿದಲ್ಲಿ ಮೊದಲ ಕೌಂಟರಿನವರು ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ಒಳಗಿನ ಕೋಣೆಗೆ ಕಳಿಸಿದರು. ಅಲ್ಲಿ ಫೋನಿನಲ್ಲಿ ಹಿಂದಿ ದುಭಾಷಿ ಸಿಕ್ಕಿದರು. ದೊಡ್ಡಮ್ಮನಿಗೆ ಕನ್ನಡ, ತುಳು, ಮಲಯಾಳ ಸರಾಗ. ಹಿಂದಿ ಟಿವಿಯಲ್ಲಿ ಕೇಳಿದಷ್ಟು. “ಎಲ್ಲಿ ಇರುತ್ತೀರಿ” ಎಂಬುದಕ್ಕೂ “ಎಲ್ಲಿಂದ ಬಂದಿರಿ” ಎಂಬುದಕ್ಕೂ ಒಂದೇ ಉತ್ತರ ಕೊಟ್ಟರಂತೆ. ಆಮೇಲೆ ಕನ್ನಡ, ಕನ್ನಡ ಎಂದು ಎರಡು ಮೂರು ಸಲ ಹೇಳಿದ ಮೇಲೆ ಕನ್ನಡದವರನ್ನು ಫೋನಿಗೆ ತಂದರು. ಸ್ವಲ್ಪ ಕಾಯಬೇಕಾಯಿತು, ಆದರೆ ಅಲ್ಲಿಂದ ಮುಂದೆ ಮಾತು ಸರಿಯಾಯಿತು. ಹಿರಿಯರನ್ನು ಕಳಿಸುವವರು ಇದನ್ನು ಅವರಿಗೆ ಹೇಳಿಕೊಡಲೇಬೇಕು. ಅರ್ಧ ಗೊತ್ತಿರುವ ಭಾಷೆಯಲ್ಲಿ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಕೊಡಬಾರದು.

ಅಧಿಕಾರಿ ಕೇಳಿದ ಮುಖ್ಯ ಪ್ರಶ್ನೆ, ನಿಮ್ಮ ಮನೆ ಎಲ್ಲಿ?

“ಮನೆ ಊರಲ್ಲಿ. ಇಲ್ಲಿ ಮಗಳ ಮನೆಯಲ್ಲಿ ಇರ್ತೇನೆ” ಎಂದರು ದೊಡ್ಡಮ್ಮ.

ಇದನ್ನು ಅಕ್ಕ ಫೋನಿನಲ್ಲಿ ಹೇಳಿದಾಗ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವರು ಹೇಳಿದ್ದು ನಿಜ, ಮತ್ತು ಅಧಿಕಾರಿಯ ಅನುಮಾನವೂ ಅದೇ. ಐ-407 ಹೊರಬಂತು. ದೊಡ್ಡಮ್ಮ ಸಹಿ ಹಾಕಲಿಲ್ಲ, ಚೀಟಿ ತೋರಿಸಿದರು. ಆಸ್ಪತ್ರೆಯ ಕಡತ ತೋರಿಸಿದರು. ಹಿರಿಯ ಅಧಿಕಾರಿ ಬಂದು ಜುಲೈ ಟಿಕೆಟ್ ನೋಡಿದರು, ಡಾಕ್ಟರ ಪತ್ರ ಓದಿದರು, ಅವರ ವಾಕರನ್ನೂ ನೋಡಿದರು. ಈ ಸಲ ಬಿಡುತ್ತೇವೆ, ಮುಂದೆ ಹೊರಗೆ ಜಾಸ್ತಿ ಇರುವುದಾದರೆ ಪರ್ಮಿಟ್ ಮಾಡಿಸಿಕೊಂಡು ಹೋಗಿ ಎಂದು ಹೇಳಿ ಮುದ್ರೆ ಹಾಕಿದರು.

ಅವರು ಕೆಟ್ಟವರು ಎಂದು ನನಗೆ ಅನಿಸಿಲ್ಲ. ಅವರ ಕೆಲಸ ಅದೇ. ಆದರೆ ಒಂದು ಮಾತು ಖಂಡಿತ. ಈ ಕಡತ ಮತ್ತು ಚೀಟಿ ಇಲ್ಲದೆ ದೊಡ್ಡಮ್ಮ ಒಬ್ಬರೇ ಆ ಕೋಣೆಯಲ್ಲಿ ಕುಳಿತಿದ್ದರೆ ಸಹಿ ಹಾಕಿ ಬಿಡುತ್ತಿದ್ದರು. ದೊಡ್ಡವರು ಎದುರು ನಿಂತು ಕಾಗದ ಕೊಟ್ಟರೆ ಸಹಿ ಹಾಕುವುದು ನಮ್ಮ ಹಿರಿಯರ ಅಭ್ಯಾಸ.

ಪರ್ಮಿಟ್, ಆಮೇಲೆ ತೀರ್ಮಾನ

2024ರ ಜನವರಿಯಲ್ಲಿ ಐ-131 ಹಾಕಿದರು. ಬೆರಳಚ್ಚಿಗೆ ಕರೆ ಬರುವವರೆಗೆ ದೊಡ್ಡಮ್ಮ ಅಲ್ಲೇ ಇದ್ದರು. ಅದು ಮುಗಿದ ಮೇಲೆ ಪರ್ಮಿಟ್ ಕೈಗೆ ಬರುವ ಮೊದಲೇ ಹೊರಟರೂ ಆಗುತ್ತದೆ. ಏಪ್ರಿಲಿಗೆ ಊರು ಸೇರಿದರು. ಪರ್ಮಿಟ್ ವರ್ಷದ ಕೊನೆಯ ಹೊತ್ತಿಗೆ ಅಕ್ಕನ ಮನೆಗೆ ಬಂತು. ಎರಡು ವರ್ಷದ್ದು. ಇದು ಇದ್ದರೆ ಒಳಗೆ ಬಿಟ್ಟೇ ಬಿಡುತ್ತಾರೆ ಎಂದಲ್ಲ. ಬರೀ ಹೊರಗೆ ಉಳಿದ ದಿನಗಳ ಲೆಕ್ಕ ಹಿಡಿದು ವಾಸ ಬಿಟ್ಟಿದ್ದೀರಿ ಎನ್ನುವಂತಿಲ್ಲ, ಅಷ್ಟು. ಪೌರತ್ವದ ನಿರಂತರತೆಗೂ ಇದು ಸಹಾಯ ಮಾಡುವುದಿಲ್ಲ. ಹೊರಗಿನಿಂದ ನವೀಕರಿಸಲಿಕ್ಕೂ ಆಗುವುದಿಲ್ಲ.

ಪರ್ಮಿಟ್‌ನಿಂದ ನಮಗೆ ಸಿಕ್ಕಿದ್ದು ಯೋಚಿಸಲು ಪುರುಸೊತ್ತು. ಆ ಪುರುಸೊತ್ತಿನಲ್ಲಿ ಮನೆಯವರು ನಿಜವಾದ ಪ್ರಶ್ನೆಗೆ ಬಂದರು. ದೊಡ್ಡಮ್ಮ ಎಲ್ಲಿ ಇರಬೇಕು?

ಅಕ್ಕನ ವಾದ ಹಗುರದ್ದಲ್ಲ. ಬಿದ್ದದ್ದು ಒಬ್ಬರೇ ಇದ್ದಾಗ. ಅರ್ಧ ಗಂಟೆ ಯಾರೂ ನೋಡಲಿಲ್ಲ. ಕೆಲಸದವಳು ಬಂದ ಮೇಲೆ ಗೊತ್ತಾದದ್ದು. ಇನ್ನೊಮ್ಮೆ ಹಾಗಾದರೆ? ಕಾರ್ಡ್ ಬಿಟ್ಟರೆ ಅಮ್ಮ ಬಂದು ನನ್ನ ಹತ್ತಿರ ಉಳಿಯಬೇಕಾದ ದಿನ ಬಂದಾಗ ಏನು ಮಾಡುವುದು?

ದೊಡ್ಡಮ್ಮನ ಮಾತು ಬೇರೆ. “ಅಲ್ಲಿ ನನಗೆ ಎಂತ ಕೊರತೆಯೂ ಇಲ್ಲ ಮಗಾ. ಆದ್ರೆ ಬೆಳಿಗ್ಗೆ ಎದ್ರೆ ನನ್ನ ಕೆಲಸ ಅಂತ ಒಂದು ಇಲ್ಲ.” ಇಲ್ಲಿ ಅವರಿಗೆ ಕೆಲಸ ಇದೆ. ಮದ್ದು ಬಿಡುವ ಹೊತ್ತಿಗೆ, ಕೊಯ್ಲಿಗೆ, ಅಡಿಕೆ ಒಣಗಿಸಲಿಕ್ಕೆ, ಸುಲಿಸಲಿಕ್ಕೆ ಅವರು ಬೇಕು. ಮಳೆಗಾಲದ ಮೊದಲರ್ಧವೂ, ಚಳಿಗಾಲ ಪೂರ್ತಿಯೂ ಹೋಗಲಿಕ್ಕೆ ಆಗದವರು ಅಮೆರಿಕದಲ್ಲಿ ವಾಸ ಮಾಡುವುದು ಹೇಗೆ? ವರ್ಷಗಳಿಂದ ನಾವು ಕಾಗದದಲ್ಲಿ ಒಂದು ಬರೆದು, ಬದುಕಿನಲ್ಲಿ ಇನ್ನೊಂದು ನಡೆಸುತ್ತಿದ್ದೆವು. ಆ ಜಗ್ಗಾಟದಲ್ಲಿ ಪ್ರತಿ ಸಲ ವಿಮಾನ ಹತ್ತುವಾಗ ಹೆದರುತ್ತಿದ್ದದ್ದು ಅವರು, ನಾವಲ್ಲ.

ನನಗೆ ಯಾವ ಕಡೆ ಮನಸ್ಸು ಎಂದು ಅಕ್ಕ ನೇರವಾಗಿ ಕೇಳಿದಳು. ಬಿಡುವುದು ಒಳ್ಳೆಯದು ಎಂದೆ. ಅವಳು ಎರಡು ದಿನ ಮಾತಾಡಲಿಲ್ಲ.

ತಾರೀಕಿನ ಒತ್ತಡವೂ ಒಂದು ಇತ್ತು. ಹಿಂದಿನ 15 ವರ್ಷಗಳಲ್ಲಿ ಎಂಟು ತೆರಿಗೆ ವರ್ಷ ಗ್ರೀನ್ ಕಾರ್ಡ್ ಇದ್ದವರು ಅದನ್ನು ಬಿಟ್ಟರೆ ದೇಶ ಬಿಡುವವರ ತೆರಿಗೆ ನಿಯಮಗಳು ಅವರನ್ನು ಹಿಡಿಯುತ್ತವೆ. ವರ್ಷದಲ್ಲಿ ಒಂದೇ ದಿನ ಕಾರ್ಡ್ ಇದ್ದರೂ ಅದು ಒಂದು ವರ್ಷವೇ. 2019ರ ಕೊನೆಯ ಎರಡು ತಿಂಗಳೂ ಒಂದು ವರ್ಷ ಎಂದಾಯಿತು. ಆ ಲೆಕ್ಕದಲ್ಲಿ 2025ಕ್ಕೆ ಏಳು ವರ್ಷ. 2026ರ ಜನವರಿ ಬಂದರೆ ಎಂಟು. ದೊಡ್ಡಮ್ಮನ ಆಸ್ತಿ ಆ ತೆರಿಗೆಗೆ ಇಟ್ಟಿರುವ 20 ಲಕ್ಷ ಡಾಲರಿನ ಮಿತಿಯ ಹತ್ತಿರವೂ ಬರುವುದಿಲ್ಲ. ಆದರೂ ಹಿಂದಿನ ಐದು ವರ್ಷದ ತೆರಿಗೆಯೆಲ್ಲ ಸರಿ ಇದೆ ಎಂದು ಪ್ರಮಾಣ ಮಾಡಿ ಇನ್ನೊಂದು ಫಾರ್ಮ್ ಕೊಡಬೇಕಾಗುತ್ತಿತ್ತು. ಅಡಿಕೆಯ ಲೆಕ್ಕದಲ್ಲಿ ಒಮ್ಮೆ ಬೆವರಿದವರಿಗೆ ಅದು ಬೇಡವಾಗಿತ್ತು.

ಕೊನೆಗೆ ಅಕ್ಕ ಒಪ್ಪಲು ಕಾರಣವಾದದ್ದು ಒಂದು ಸಂಗತಿ. ಕಾರ್ಡನ್ನು ತಾವಾಗಿಯೇ ಹಿಂತಿರುಗಿಸಿದರೆ ಅದು ಕಪ್ಪು ಚುಕ್ಕಿ ಅಲ್ಲ. ಮುಂದೆ ಅಮ್ಮ ಅಲ್ಲಿಯೇ ಇರಬೇಕಾದ ಸ್ಥಿತಿ ಬಂದರೆ ಅಮೆರಿಕದ ಪ್ರಜೆಯಾದ ಮಗಳು ಮತ್ತೆ ಅರ್ಜಿ ಹಾಕಬಹುದು. ಪ್ರಜೆಗಳ ಅಪ್ಪ ಅಮ್ಮನಿಗೆ ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಇಲ್ಲ, ಅದಕ್ಕಾಗಿ ಸಾಲು ಕಾಯಬೇಕಾಗಿಲ್ಲ. ಕಾಗದದ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಬಾಗಿಲು ಮುಚ್ಚುವುದಿಲ್ಲ.

2025ರಲ್ಲಿ ಐ-407 ತುಂಬಿ, ಕಾರ್ಡನ್ನೂ ಪರ್ಮಿಟನ್ನೂ ಜೊತೆಗೆ ಇಟ್ಟು ಅಂಚೆಯಲ್ಲಿ ಕಳಿಸಿದೆವು. ನಿಲ್ದಾಣದಲ್ಲಿ ಹಾಕದೆ ಉಳಿಸಿದ ಸಹಿಯನ್ನು ದೊಡ್ಡಮ್ಮ ತಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಪೂರ್ತಿ ಓದಿಸಿ ಕೇಳಿ, ಹಾಕಿದರು. ಎರಡೂ ಸಹಿ ಒಂದೇ ಅಲ್ವಾ ಎಂದು ಯಾರೋ ಕೇಳಿದರು. ನನಗೆ ಹಾಗೆ ಅನಿಸುವುದಿಲ್ಲ.

ಆಮೇಲೆ ಪ್ರವಾಸಿ ವೀಸಾಕ್ಕೆ ಅರ್ಜಿ. ಕೇರಳದವರಿಗೆ ಚೆನ್ನೈ ದೂತಾವಾಸ. ಕಾಸರಗೋಡಿನಿಂದ ಚೆನ್ನೈ ಮೇಲ್‌ನಲ್ಲಿ ಹೋಗಿ ಬಂದೆವು. ಸಂದರ್ಶನದಲ್ಲಿ ಗ್ರೀನ್ ಕಾರ್ಡ್ ಯಾಕೆ ಬಿಟ್ಟಿರಿ ಎಂದು ಕೇಳಿದರು. “ನನ್ನ ಮನೆ, ತೋಟ ಎಲ್ಲ ಊರಲ್ಲಿ. ಮಗಳನ್ನು ನೋಡಿ ಬರ್ಲಿಕ್ಕೆ ವೀಸಾ ಸಾಕು” ಎಂದರು ದೊಡ್ಡಮ್ಮ. ಎರಡು ವರ್ಷದ ಹಿಂದೆ ಕಷ್ಟಕ್ಕೆ ಸಿಕ್ಕಿಸಿದ ಉತ್ತರವೇ ಈ ಸಲ ಸರಿಯಾದ ಉತ್ತರ ಆಯಿತು. ವೀಸಾ ಸಿಕ್ಕಿತು.

ಮನೆಯ ಕಡೆಯೂ ಕೆಲವು ಬದಲಾವಣೆ ಆಗಿದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ, ಬಚ್ಚಲಿಗೆ ಹಿಡಿಕೆ ಇಟ್ಟು, ರಾತ್ರಿ ಜೊತೆಗೆ ಮಲಗಲು ಪಕ್ಕದ ಮನೆಯ ಹುಡುಗಿಯನ್ನು ಗೊತ್ತುಮಾಡಿದ್ದಾರೆ. ಅದರ ಖರ್ಚು ಅಕ್ಕನದು. ಕಾರ್ಡ್ ಬಿಡಲು ಅವಳು ಹಾಕಿದ ಷರತ್ತು ಅದು. ಅಮೆರಿಕಕ್ಕೆ 2025ರ ಕೊನೆಯ ತೆರಿಗೆ ರಿಟರ್ನ್ ಒಂದು ಬಾಕಿ ಇದೆ. ಕಾರ್ಡ್ ಬಿಟ್ಟ ದಿನದವರೆಗೆ ಅಲ್ಲಿಯ ನಿವಾಸಿ, ಆಮೇಲೆ ಅಲ್ಲ ಎಂದು ಎರಡು ಭಾಗ ಮಾಡಿ ಹಾಕಬೇಕಂತೆ. ಆ ವರ್ಷದ ಕೂಲಿ ಡೈರಿಯನ್ನು ದೊಡ್ಡಮ್ಮ ಈಗಾಗಲೇ ನನ್ನ ಕೈಗೆ ಕೊಟ್ಟಿದ್ದಾರೆ.